ಕುಂತಳೇಶ್ವರನ ಕತ್ತರಿ: ಕಾಮಸೂತ್ರದ ಪ್ರಹಣನ ಪ್ರಕರಣವನ್ನು ಕುರಿತ ಒಂದು ವಿಚಾರ

ಕುಂತಳದ ಶಾತಕರ್ಣಿ ಶಾತವಾಹನನು ತನ್ನ ಮಹಾದೇವಿಯಾದ ಮಲಯವತಿಯನ್ನು ರತಿಕಾಲದಲ್ಲಿ ಕತ್ತರಿಯಿಂದ ಕೊಂದನೆಂದು ವಾತ್ಸ್ಯಾಯನನು ಕಾಮಸೂತ್ರದಲ್ಲಿ ಹೇಳಿರುವನು. ಮತ್ಸ್ಯಪುರಾಣದ ಆಂಧ್ರರಾಜರ ಪಟ್ಟಿಯಲ್ಲಿಯೂ ಕುಂತಲನೆಂಬ ಹೆಸರು ಇರುವುದರಿಂದ, ಇತಿಹಾಸಜ್ಞರು ಈ ವಾಕ್ಯವನ್ನು ಮುಖ್ಯವಾಗಿ ಗ್ರಂಥದ ಕಾಲನಿರ್ಣಯಕ್ಕೆ ಉಪಯೋಗಿಸಿಕೊಂಡಿರುವರು. ಗ್ರಂಥವು ಸುಮಾರು ಕ್ರಿ. ಶ. 3ನೆಯ ಶತಮಾನದ್ದೆಂಬುದು ಬಹುಮಂದಿಯ ಮತ. ಆದರೆ ಗ್ರಂಥಕಾರನು ಆ ಮರಣವನ್ನು ಎತ್ತಿದುದು ಕಾಲವನ್ನು ತಿಳಿಸುವುದಕ್ಕಲ್ಲ, ಎಚ್ಚರಿಸುವುದಕ್ಕೆ. ಆ ಎಚ್ಚರಿಕೆಯ ಸ್ವರೂಪವೇನು, ಅದರಲ್ಲಿರುವ ಕೊರತೆಯೇನು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಷಯವು ಕನ್ನಡಿಗರಿಗೆ ದೂರದ್ದಲ್ಲ. ಕುಂತಳವೆಂಬುದು ಕರ್ಣಾಟಕದ ಉತ್ತರಭಾಗವನ್ನು ಒಳಗೊಂಡ ದೇಶ. ಶಾತಕರ್ಣಿಯೆಂಬ ಹೆಸರು ಮಳವಳ್ಳಿಯ ಕಂಬದ ಶಾಸನದಲ್ಲಿಯೂ ಉಂಟು, ತಾಳಗುಂದದ ಸ್ತಂಭಶಾಸನದಲ್ಲಿಯೂ ಉಂಟು. ಕಾಮಶಾಸ್ತ್ರವೂ ನಮ್ಮವರಿಗೆ ಅಸ್ಪೃಶ್ಯವಾಗಿರಲಿಲ್ಲ. 11ನೆಯ ಶತಮಾನದಲ್ಲಿಯೇ ಚಂದ್ರರಾಜನು ಕನ್ನಡದಲ್ಲಿ ಮದನತಿಲಕವನ್ನು ರಚಿಸಿರುವನು.

ಎರಡನೆಯ ಅಧಿಕರಣದ ಏಳನೆಯ ಅಧ್ಯಾಯದಲ್ಲಿ ಪ್ರಣಯಕಾಲದ ಹೊಡೆತಗಳ ವಿಚಾರ ಬಂದಿದೆ. ಅಂಗೈ, ಹಿಂಗೈ, ಮುಷ್ಟಿ ಮೊದಲಾದುವುಗಳಿಂದ ಆಗುವ ನಾಲ್ಕು ಬಗೆಗಳನ್ನು ಮೊದಲು ಹೇಳಿ, ದಾಕ್ಷಿಣಾತ್ಯರು ಇವುಗಳೊಡನೆ ಇನ್ನು ನಾಲ್ಕನ್ನು ಸೇರಿಸಿ ಎಂಟೆಂದು ಎಣಿಸುತ್ತಾರೆಂದು ಗ್ರಂಥಕಾರನು ತಿಳಿಸುತ್ತಾನೆ. ಆ ನಾಲ್ಕು ಯಾವುವೆಂದರೆ: ಎದೆಗೆ ಕೀಲಾ, ತಲೆಗೆ ಕರ್ತರೀ, ಕೆನ್ನೆಗೆ ವಿದ್ಧಾ, ಸ್ತನಪಾರ್ಶ್ವಗಳಿಗೆ ಸಂದಂಶಿಕಾ. ಕನ್ನಡದಲ್ಲಿ ಬೆಣೆ, ಕತ್ತರಿ, ಚುಚ್ಚುವ ಸಲಕರಣೆ, ಇಕ್ಕುಳ. ಹೆಸರುಗಳೆಲ್ಲವೂ ಮನೆಯಲ್ಲಿಯೂ ಕುಶಲಕರ್ಮಿಗಳ ಕೈಯಲ್ಲಿಯೂ ನಿತ್ಯವೂ ಆಡುವ ವಸ್ತುಗಳವು.

ಇವು ನಿಜವಾದ ವಸ್ತುಗಳೋ, ಕೈಯ ಆಕಾರಗಳೋ? 1883ರ ಇಂಗ್ಲಿಷ್ ಭಾಷಾಂತರವು ಇವನ್ನು ಉಪಕರಣಗಳೆಂದೇ ಹೇಳುತ್ತದೆ. ಜಯಮಂಗಲಾ ವ್ಯಾಖ್ಯಾನವನ್ನು ಬರೆದ ಯಶೋಧರನಾದರೋ ಇವು ಬೆರಳು ಮುಷ್ಟಿಗಳ ವಿನ್ಯಾಸಗಳೆಂದು ವಿವರಿಸುವನು. ಮೊದಲಿನ ನಾಲ್ಕೂ ಕೈಯ ಭೇದಗಳೇ ಆಗಿ, ಎಂಟನ್ನೂ ಒಂದೇ ಗಣನೆಯಲ್ಲಿ ಸೇರಿಸಿರುವುದರಿಂದ, ವ್ಯಾಖ್ಯಾನಕಾರನ ಅರ್ಥವೇ ಹೆಚ್ಚು ಸಂಗತವೆಂದು ತೋರುತ್ತದೆ. ಹೀಗಾದರೆ ವಸ್ತುವು ಮನೆಯಲ್ಲಿಯೇ ಉಳಿದು, ಅದರ ಹೆಸರೂ ರೂಪವೂ ಮಾತ್ರ ಶಯ್ಯಾಗೃಹವನ್ನು ಹೊಕ್ಕುವು. ಆದರೂ ಅಪಾಯವು ಕಡಮೆಯಾಗಲಿಲ್ಲ.

ಗ್ರಂಥದಲ್ಲಿ ಮೂರು ದುರಂತಗಳು ಉಕ್ತವಾಗಿವೆ. ಚೋಳರಾಜನು ಕೀಲೆಯಿಂದ ಚಿತ್ರಸೇನೆಯೆಂಬ ಗಣಿಕೆಯನ್ನು ಕೊಂದನು. ಇಂಗ್ಲಿಷ್ ಭಾಷಾಂತರದಲ್ಲಿ ಇಲ್ಲಿ ಪಾಂಚಾಲರಾಜ, ಮಾಧವಸೇನೆ ಎಂಬ ಪಾಠಾಂತರವಿದೆ. ಎರಡನೆಯದು ಮಲಯವತಿಯ ಮರಣ. ಮೂರನೆಯದಾಗಿ, ಕೈ ವಿಕಲವಾಗಿದ್ದ ನರದೇವನು ವಿದ್ಧೆಯನ್ನು ತಪ್ಪಾಗಿ ಪ್ರಯೋಗಿಸಿ ಒಬ್ಬ ನಟಿಯ ಕಣ್ಣನ್ನು ಕಳೆದನು. ಮಲಯವತಿಯು ಆಗತಾನೆ ವ್ಯಾಧಿಯಿಂದೆದ್ದು ಇನ್ನೂ ಬಲಗೊಂಡಿರಲಿಲ್ಲವೆಂದು ಯಶೋಧರನು ಹೇಳುವನು. ಒಂದೆಡೆ ಸಹಿಸುವವಳ ಬಲವನ್ನು ಅರಿಯದಿರುವಿಕೆ, ಇನ್ನೊಂದೆಡೆ ಹೊಡೆಯುವವನು ತನ್ನ ಕೈಯನ್ನೇ ಅರಿಯದಿರುವಿಕೆ: ಕೇಡಿಗೆ ಕಾರಣಗಳು ಇವು.

ವಾತ್ಸ್ಯಾಯನನ ತೀರ್ಪು ಸ್ಪಷ್ಟವಾಗಿದೆ. ಇದು ದೇಶಾಚಾರವೆಂದು ಅವನು ಒಪ್ಪುವನಾದರೂ, ಕ್ಲೇಶಕರವೂ ಅನಾದರಣೀಯವೂ ಎಂದು ನಿಂದಿಸುವನು. ಒಂದು ದೇಶದ ರೂಢಿಯನ್ನು ಬೇರೆಡೆ ಪ್ರಯೋಗಿಸಬಾರದು, ಪ್ರಾಣಾಪಾಯಕರವಾದುದನ್ನು ಆ ದೇಶದಲ್ಲಿಯೂ ಬಿಡಬೇಕು ಎಂದು ವಿಧಿಸುವನು. ನಾಗಾಲೋಟದ ಕುದುರೆಯು ಹಾದಿಯ ಹಳ್ಳವನ್ನು ಕಾಣದಂತೆ ರಾಗಾಂಧರು ಗಾಯವನ್ನು ಕಾಣರು; ಆದುದರಿಂದ ಇಬ್ಬರ ಬಲವನ್ನೂ ತಿಳಿದೇ ತೊಡಗಬೇಕೆಂಬುದು ಅವನ ನಿಯಮ.

ಆದರೆ ಅದೇ ಅಧ್ಯಾಯದಲ್ಲಿ ಒಂದು ದೊಡ್ಡ ಕೊರತೆ ಕಾಣುತ್ತದೆ. ಹೊಡೆತಕ್ಕೆ ಪ್ರತಿಯಾಗಿ ಸ್ತ್ರೀಯು ಹೊರಡಿಸುವ ಧ್ವನಿಗಳನ್ನು ಎಣಿಸುವಾಗ, ಅಮ್ಮಾ, ಬೇಡ, ಬಿಡು, ಸಾಕು ಎಂಬರ್ಥದ ಮಾತುಗಳನ್ನೂ ಶಾಸ್ತ್ರಕಾರನು ವಿಲಾಸದ ಧ್ವನಿಗಳಲ್ಲಿಯೇ ಸೇರಿಸಿರುವನು. ದಂತಕ್ಷತದ ಪ್ರಕರಣದಲ್ಲಿ, ತಡೆದರೂ ಪುರುಷನು ಕಚ್ಚಿದರೆ ಅದನ್ನು ಸಹಿಸದೆ ಇಮ್ಮಡಿಯಾಗಿ ಹಿಂದಿರುಗಿಸಬೇಕೆಂದು ಸ್ತ್ರೀಗೆ ಅಧಿಕಾರವನ್ನು ಕೊಟ್ಟಿರುವುದು ನಿಜ. ಆದರೆ ನಿಷೇಧದ ಮಾತೆಲ್ಲವೂ ಕ್ರೀಡೆಯ ಮಾತೇ ಆದಮೇಲೆ, ನಿಜವಾಗಿ ಬೇಡವೆನ್ನುವವಳಿಗೆ ಉಳಿದ ಮಾತು ಯಾವುದು? ಶಾಸ್ತ್ರವು ಬಲವನ್ನು ಅಳೆಯಲು ಹೇಳಿತು. ಅಳೆಯುವ ಕೆಲಸವನ್ನು ಮಾತ್ರ ಹೊಡೆಯುವವನ ವಿವೇಕಕ್ಕೇ ಬಿಟ್ಟಿತು. ರಾಗವು ವಿವೇಕವನ್ನು ನುಂಗುತ್ತದೆಂದು ಹೇಳಿದವನೂ ಅವನೇ.

ಈ ಕೊರತೆಯನ್ನು ತುಂಬುವ ಯತ್ನವು ಬಹುಕಾಲದ ಮೇಲೆ ನಡೆದಿದೆ. ಪರಸ್ಪರ ಒಪ್ಪಿಗೆಯಿಂದ ಬಂಧನ ಪ್ರಹಾರಗಳ ಕ್ರೀಡೆಯಲ್ಲಿ ತೊಡಗುವವರ ನ್ಯೂಯಾರ್ಕಿನ ಒಂದು ಸಂಘದಲ್ಲಿ 1983ರಲ್ಲಿ ಕ್ಷೇಮ, ವಿವೇಕ, ಸಮ್ಮತಿ ಎಂಬ ಮೂರು ಮಾತುಗಳ ಸೂತ್ರವು ರೂಪುಗೊಂಡಿತು. ಕ್ರೀಡೆಗೆ ಸಂಬಂಧವಿಲ್ಲದ ಒಂದು ಪದವನ್ನು ಮೊದಲೇ ಗೊತ್ತುಮಾಡಿಕೊಂಡು, ಅದು ಕಿವಿಗೆ ಬಿದ್ದೊಡನೆ ನಿಲ್ಲಿಸುವುದು ಇಂಥವರಲ್ಲಿ ರೂಢಿಯಾಗಿದೆ. ಮರದ ಸೌಟು, ಬಟ್ಟೆಯ ಚಿವುಟಿ, ಕೊರಳವಸ್ತ್ರ ಮೊದಲಾದ ಗೃಹವಸ್ತುಗಳು ಈಗ ನಿಜವಾಗಿಯೇ ಬಳಕೆಯಲ್ಲಿವೆ. ವಸ್ತುವು ನಿರ್ದೋಷಿ, ಮಲಯವತಿಗೆ ಇಲ್ಲದೆಹೋದುದು, ಅಂಥ ಒಂದು ಮಾತನ್ನು ಅವಳಿಗೆ ಕೊಡುವ ಶಾಸ್ತ್ರ.