ಹಳೆಯ ಕಬ್ಬಿಣದ ಮರುಹುಟ್ಟು: ಒಂದು ಚಾರಿತ್ರಿಕ ವಿವೇಚನೆ

ಲೋಹಶಾಸ್ತ್ರದಲ್ಲಿ ‘ಕಡಿಮೆ ಇಂಗಾಲದ ಉಕ್ಕು’ ಎಂಬ ಮಾತಿಗೆ ಬಹುಕಾಲದಿಂದ ಒಂದು ಖಚಿತವಾದ ಅರ್ಥವಿದೆ. ಉಕ್ಕಿನೊಳಗೆ ಬೆರೆತ ಇಂಗಾಲವು ನೂರಕ್ಕೆ ಸುಮಾರು 0.25ರಷ್ಟನ್ನು ಮೀರದಿದ್ದರೆ ಅದು ಮೆದುವಾದ, ಬಗ್ಗಿಸಲು ಬೆಸೆಯಲು ಒಗ್ಗುವ ಉಕ್ಕು. ಸೇತುವೆಗೂ ತೊಲೆಗೂ ಒದಗುವಂಥದು. ಈಚಿನ ದಶಕಗಳಲ್ಲಿ ಅದೇ ಮಾತು ಬೇರೊಂದು ಅರ್ಥವನ್ನು ಪಡೆದಿದೆ. ಈಗ ಎಣಿಸುವುದು ಉಕ್ಕಿನ ಒಡಲಲ್ಲಿರುವ ಇಂಗಾಲವನ್ನಲ್ಲ, ಅದನ್ನು ತಯಾರಿಸುವಾಗ ವಾಯುಮಂಡಲವನ್ನು ಸೇರುವ ಇಂಗಾಲವನ್ನು. ದೊಡ್ಡ ಕಟ್ಟಡವೊಂದು ನಿಂತಾಗ ಅದರ ಉಕ್ಕಿನಲ್ಲಿ ಇಷ್ಟು ಪಾಲು ಗುಜರಿಯಿಂದ ಬಂದದ್ದು ಎಂದು ಸಾರುವ ಪದ್ಧತಿ ಬೆಳೆದಿರುವುದು ಈ ಕಾರಣದಿಂದ. ಆ ಸಾರುವಿಕೆಗೆ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆಗೆ ಚರಿತ್ರೆಯ ಕಡೆಯಿಂದ ಕೆಲವು ಉತ್ತರಗಳು ದೊರೆಯುತ್ತವೆ.

ಹಳೆಯ ಕಬ್ಬಿಣವನ್ನು ಮತ್ತೆ ಬಳಸುವುದು ಹೊಸ ವಿದ್ಯೆಯಲ್ಲ. ಸವೆದ ಬಂಡಿಪಟ್ಟಿಯನ್ನು ಕುಲುಮೆಗೆ ಒಡ್ಡಿ ಕುಡುಗೋಲನ್ನೋ ನೇಗಿಲ ಗುಳವನ್ನೋ ಬಡಿದುಕೊಡದ ಕಮ್ಮಾರನು ನಮ್ಮ ಯಾವ ಊರಿನಲ್ಲಿದ್ದನು? ಆದರೆ ಅವನು ಕಬ್ಬಿಣವನ್ನು ಕರಗಿಸುತ್ತಿರಲಿಲ್ಲ, ಕಾಯಿಸಿ ಬಡಿಯುತ್ತಿದ್ದನು. ಟನ್ನುಗಟ್ಟಲೆ ಗುಜರಿಯನ್ನು ಕರಗಿಸಿ ಉಕ್ಕಾಗಿಸುವ ಬಿಸಿ ಮನುಷ್ಯನ ಕೈಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1856ರಲ್ಲಿ ಬೆಸಿಮರ್ ಪ್ರಕಟಿಸಿದ ವಿಧಾನ ಉಕ್ಕನ್ನು ಅಗ್ಗವಾಗಿಸಿತು. ಆದರೆ ಅದರಲ್ಲಿ ಹೊರಗಿನ ಉರುವಲಿಲ್ಲದ ಕಾರಣ ತಣ್ಣನೆಯ ಗುಜರಿಗೆ ಹೆಚ್ಚು ಎಡೆಯಿರಲಿಲ್ಲ. 1865ರಲ್ಲಿ ಫ್ರಾನ್ಸಿನ ಪಿಯೆರ್ ಮಾರ್ಟಿನ್, ಸೀಮೆನ್ಸರ ಕುಲುಮೆಯನ್ನು ಬಳಸಿಕೊಂಡು ಬೀಡುಕಬ್ಬಿಣದೊಡನೆ ಹಳೆಯ ಕಬ್ಬಿಣವನ್ನೂ ಕರಗಿಸಿದನು. ಗುಜರಿಗೆ ಕಾರ್ಖಾನೆಯ ಕಚ್ಚಾ ಸಾಮಗ್ರಿಯೆಂಬ ಸ್ಥಾನ ಬಂದದ್ದು ಅಲ್ಲಿಂದ. 1900ರಲ್ಲಿ ಅದೇ ದೇಶದ ಪಾಲ್ ಎರೂ ವಿದ್ಯುತ್ತಿನ ಕಿಡಿಯಿಂದ ಉಕ್ಕನ್ನು ಕರಗಿಸಿ ತೋರಿಸಿದನು. ಇಂದು ಗುಜರಿಯನ್ನು ಕರಗಿಸುವ ದೊಡ್ಡ ಕುಲುಮೆಗಳಲ್ಲಿ ಹೆಚ್ಚಿನವು ಆ ಎರೂ ಕುಲುಮೆಯ ಸಂತತಿಯೇ.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರದ ಮಾತು ಅನಿವಾರ್ಯ. ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತ. ಆ ಆಮ್ಲಜನಕವನ್ನು ಬಿಡಿಸಿಕೊಳ್ಳಲು ಇಂಗಾಲ ಬೇಕು. ಊದುಕುಲುಮೆಗೆ ಹಾಕುವ ಕೋಕು ಬಿಸಿಯನ್ನು ಕೊಡುವುದಷ್ಟೇ ಅಲ್ಲ, ಆಮ್ಲಜನಕವನ್ನು ಕಸಿದುಕೊಂಡು ತಾನೂ ಅನಿಲವಾಗಿ ಹೊರಬೀಳುತ್ತದೆ. ಒಂದು ಟನ್ನು ಉಕ್ಕಿಗೆ ಎರಡು ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡು ಹೊರಡುವುದು ಹೀಗೆ. ಗುಜರಿಯಾದರೋ ಈ ಋಣವನ್ನು ಹಿಂದೊಮ್ಮೆ ತೀರಿಸಿ ಬಂದಿದೆ. ಅದನ್ನು ಕರಗಿಸಿದರೆ ಸಾಕು. ಆದಕಾರಣ ವಿದ್ಯುತ್ ಕುಲುಮೆಯ ಗುಜರಿ ಉಕ್ಕಿಗೆ ಹೊಗೆಯ ಲೆಕ್ಕ ಅದರ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ವಿದ್ಯುತ್ತು ನೀರಿನಿಂದಲೋ ಗಾಳಿಯಿಂದಲೋ ಬಂದುದಾದರೆ ಇನ್ನೂ ಕಡಿಮೆ.

ಕಲ್ಲಿದ್ದಲಿಲ್ಲದೆ ಉಕ್ಕನ್ನು ಮಾಡುವ ಸಾಹಸ ಕನ್ನಡನಾಡಿಗೆ ಅಪರಿಚಿತವಲ್ಲ. ಮೈಸೂರು ಸಂಸ್ಥಾನದಲ್ಲಿ ಉತ್ತಮ ಅದಿರಿತ್ತು, ಕಾಡಿತ್ತು; ಕಲ್ಲಿದ್ದಲಿರಲಿಲ್ಲ. 1923ರ ಜನವರಿಯಲ್ಲಿ ಭದ್ರಾವತಿಯಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರೂ ಮಲೆನಾಡಿನ ಮರದ ಇದ್ದಿಲೂ ಆಧಾರವಾದವು. ಮರವನ್ನು ಬಟ್ಟಿಯಿಳಿಸಿ ಇದ್ದಿಲಿನ ಜೊತೆಗೆ ಮದ್ಯಸಾರವನ್ನೂ ಡಾಂಬರನ್ನೂ ಪಡೆಯುವ ಏರ್ಪಾಟು ಅಲ್ಲಿತ್ತು. ಆ ವರ್ಷದಿಂದ 1929ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದ ವಿಶ್ವೇಶ್ವರಯ್ಯನವರು ನಷ್ಟದಲ್ಲಿದ್ದ ಉದ್ಯಮವನ್ನು ನೆಲೆಗೊಳಿಸಿದರು. ಶರಾವತಿಯ ಜಲವಿದ್ಯುತ್ತು 1948ರಲ್ಲಿ ಜೋಗದಿಂದ ಹರಿಯತೊಡಗಿದ ಮೇಲೆ, 1952ರಲ್ಲಿ ಅದೇ ಕಾರ್ಖಾನೆಯಲ್ಲಿ ಅದಿರನ್ನು ವಿದ್ಯುತ್ತಿನಿಂದ ಕರಗಿಸುವ ಕುಲುಮೆಗಳು ಬಂದವು. ನದಿಯ ಶಕ್ತಿಯಿಂದ ಕಬ್ಬಿಣ! ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ‘ಹಸಿರು ಉಕ್ಕು’ ಎಂಬ ಮಾತು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಭದ್ರಾತೀರದಲ್ಲಿ ಅದರ ಅರ್ಧಭಾಗ ನಡೆದುಹೋಗಿತ್ತು.

ಅರ್ಧಭಾಗ ಎಂದದ್ದು ವಿಚಾರಪೂರ್ವಕವಾಗಿಯೇ. ವಿದ್ಯುತ್ತು ಬಿಸಿಯನ್ನು ಕೊಟ್ಟಿತು, ಆಮ್ಲಜನಕವನ್ನು ಬಿಡಿಸಲು ಇಂಗಾಲವು ಬೇಕೇ ಆಯಿತು. ಇದ್ದಿಲಿನ ಕಾಲದಲ್ಲಿ ಆ ಇಂಗಾಲದ ಬೆಲೆಯನ್ನು ತೆತ್ತದ್ದು ಮಲೆನಾಡಿನ ಕಾಡು. ಭದ್ರಾವತಿಯ ಕೀರ್ತಿಯನ್ನು ಬರೆಯುವವರು ಈ ಮಾತನ್ನು ಒಂದು ವಾಕ್ಯದಲ್ಲಿ ಮುಗಿಸುವುದುಂಟು, ಅದು ನ್ಯಾಯವಲ್ಲ. ಹೊಗೆಯ ಲೆಕ್ಕದಲ್ಲಿ ಕಾಣಿಸದ ಖರ್ಚು ಬೇರೆಲ್ಲಿಯೋ ಬಿದ್ದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಕನ್ನಡಿಗರಿಗೆ ದೊರೆಯಲಾರದು.

ಅಂಥ ಲೆಕ್ಕವನ್ನು ಇಂದಿನ ಮಹಾಕಟ್ಟಡಗಳಿಗೂ ಅನ್ವಯಿಸಿ ನೋಡಬಹುದು. 2012ರ ಒಲಿಂಪಿಕ್ ಕ್ರೀಡೆಗಳಿಗಾಗಿ ಲಂಡನ್ನಿನಲ್ಲಿ ಎರಡು ರಚನೆಗಳು ಅಕ್ಕಪಕ್ಕದಲ್ಲೇ ಎದ್ದವು. ಒಂದು, ಮುಂಬಯಿಯಲ್ಲಿ ಜನಿಸಿದ ಶಿಲ್ಪಿ ಅನೀಶ್ ಕಪೂರ್ ಮತ್ತು ಇಂಜಿನಿಯರ್ ಸೆಸಿಲ್ ಬಾಲ್ಮಂಡ್ ಕಲ್ಪಿಸಿದ ಕೆಂಪು ಗೋಪುರ, ‘ಆರ್ಬಿಟ್’. ಎತ್ತರ 114.5 ಮೀಟರು, ಸುಮಾರು 2,000 ಟನ್ನು ಉಕ್ಕಿನಲ್ಲಿ ನೂರಕ್ಕೆ 60ರಷ್ಟು ಗುಜರಿಯ ಪಾಲು ಎಂದು ಪ್ರಚಾರವಾಯಿತು. ಇನ್ನೊಂದು, ಕ್ರೀಡಾಂಗಣ. ಅದರ ಚಾವಣಿಯ ಉಂಗುರಕ್ಕೆ ಅನಿಲ ಸಾಗಣೆಗೆಂದು ತಯಾರಾಗಿ ಬಳಕೆಯಾಗದೆ ಉಳಿದಿದ್ದ ಸುಮಾರು 2,500 ಟನ್ನು ಕೊಳವೆಗಳನ್ನು ಹಾಗೆಯೇ ಜೋಡಿಸಿದರು, ಕರಗಿಸಲಿಲ್ಲ. ಗೋಪುರವು ಹೆಚ್ಚು ಜನರ ಕಣ್ಣಿಗೆ ಬಿದ್ದಿತು. ಆದರೆ ಉಳಿತಾಯದ ದೃಷ್ಟಿಯಿಂದ ಹಿರಿದಾದ ಕೆಲಸ ಚಾವಣಿಯದು; ಕರಗಿಸದೆ ಬಳಸಿದ ಉಕ್ಕಿಗೆ ಕುಲುಮೆಯ ಖರ್ಚೂ ಇಲ್ಲ. ನಮ್ಮ ಗುಜರಾತಿನಲ್ಲಿಯೂ ಇದಕ್ಕೆ ಸಮೀಪವಾದ ಪದ್ಧತಿಯುಂಟು. 1983ರಲ್ಲಿ ಆರಂಭವಾದ ಅಲಂಗಿನ ಹಡಗು ಒಡೆಯುವ ತಾಣದಿಂದ ಬರುವ ದಪ್ಪ ತಗಡುಗಳನ್ನು ಕತ್ತರಿಸಿ, ಕಾಯಿಸಿ, ಕರಗಿಸದೆಯೇ ಸರಳುಗಳಾಗಿ ಎಳೆಯುತ್ತಾರೆ. ಅದನ್ನು ದುಡಿದು ಮಾಡುವವರ ಸುರಕ್ಷೆಯ ಪ್ರಶ್ನೆ ಬೇರೆ, ಮತ್ತು ಗಂಭೀರವಾದದ್ದು.

ಮುಂಬಯಿ ವಾಸಿಗಳಿಗೆ ಇನ್ನೂ ಹತ್ತಿರದ ಪ್ರಸಂಗ ‘ವಿಕ್ರಾಂತ’ದ್ದು. 1961ರಲ್ಲಿ ನೌಕಾದಳವನ್ನು ಸೇರಿ, 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಕಾದು, 1997ರಲ್ಲಿ ನಿವೃತ್ತವಾದ ಆ ವಿಮಾನವಾಹಕ ನೌಕೆ ಹಲವು ವರ್ಷ ವಸ್ತುಸಂಗ್ರಹಾಲಯವಾಗಿ ನಿಂತಿತ್ತು. 2014ರ ಕೊನೆಯಲ್ಲಿ ದಾರೂಖಾನಾದಲ್ಲಿ ಅದನ್ನು ಒಡೆದರು. 2016ರಲ್ಲಿ ಅದರ ಲೋಹ ಬೆರೆತ ಮೋಟಾರು ಸೈಕಲ್ಲೊಂದು ಮಾರುಕಟ್ಟೆಗೆ ಬಂದಾಗ ಜನ ಅಭಿಮಾನದಿಂದ ಕೊಂಡರು. ಗುಜರಿಯ ಬೆಲೆ ತೂಕದಿಂದ ಮಾತ್ರವಲ್ಲದೆ ನೆನಪಿನಿಂದಲೂ ನಿರ್ಧಾರವಾಗಬಲ್ಲದು ಎಂಬುದು ಅಂದು ಕಂಡಿತು. ಆ ನೆನಪು ಆದರಣೀಯ. ಇಂಗಾಲದ ಲೆಕ್ಕಕ್ಕೆ ಮಾತ್ರ ಅದು ಜಮೆಯಾಗದು.

ಗುಜರಿಗೆ ಎರಡು ಮಿತಿಗಳಿವೆ. ಹಳೆಯ ಮೋಟಾರುಗಳ ತಂತಿಯಿಂದ ಬೆರೆತ ತಾಮ್ರವನ್ನು ಕುಲುಮೆಯಲ್ಲಿ ಬೇರ್ಪಡಿಸುವುದು ಸಾಧ್ಯವಾಗುವುದಿಲ್ಲ. ಸುತ್ತುಸುತ್ತಿಗೂ ಅದು ಕೂಡುತ್ತ ಹೋಗಿ, ಕಾಯಿಸಿ ಎಳೆಯುವಾಗ ಉಕ್ಕು ಬಿರುಕು ಬಿಡುತ್ತದೆ. ಇದು ವಿಂಗಡಣೆಯಿಂದ ಪರಿಹಾರವಾಗುವ ಕಷ್ಟ. ಎರಡನೆಯದು ಅಳತೆಯ ಕಷ್ಟ. ಲೋಕದಲ್ಲಿ ದೊರೆಯುವ ಗುಜರಿಗೆ ಕೊಳ್ಳುವವರು ಮೊದಲೇ ಇದ್ದಾರೆ. ಒಂದು ಗೋಪುರಕ್ಕೆ ಹೆಚ್ಚು ಗುಜರಿ ಸಂದರೆ ಇನ್ನೊಂದು ಮನೆಗೆ ಅಷ್ಟು ಕಡಿಮೆಯಾಗಿ, ಆ ಕೊರತೆಯನ್ನು ಅದಿರೇ ತುಂಬುತ್ತದೆ. ಭಾರತದಲ್ಲಿ ವಿದ್ಯುತ್ ಕುಲುಮೆಗಳ ಪಾಲು ದೊಡ್ಡದಾಗಿದ್ದರೂ ಅವುಗಳಿಗೆ ಹಾಕುವುದು ಬಹುಮಟ್ಟಿಗೆ ಕಲ್ಲಿದ್ದಲಿನಿಂದ ತಯಾರಾದ ಸ್ಪಂಜು ಕಬ್ಬಿಣ. ಇಲ್ಲಿ ಕುಲುಮೆಯ ಹೆಸರು ಕೇಳಿ ಹೊಗೆಯನ್ನು ಅಂದಾಜು ಮಾಡುವಂತಿಲ್ಲ. 2019ರಲ್ಲಿ ಕೇಂದ್ರ ಸರ್ಕಾರವು ಗುಜರಿ ಉಕ್ಕಿನ ನೀತಿಯೊಂದನ್ನು ಪ್ರಕಟಿಸಿತು. 2024ರ ಡಿಸೆಂಬರಿನಲ್ಲಿ ‘ಹಸಿರು ಉಕ್ಕಿ’ಗೆ ಲಕ್ಷಣವನ್ನು ಗೊತ್ತುಪಡಿಸಿದಾಗ ಗುಜರಿಯ ಪಾಲನ್ನು ಮಾನದಂಡವಾಗಿ ಇಡಲಿಲ್ಲ: ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಹೊಗೆಯಿದ್ದರೆ ಹಸಿರು, 1.6ಕ್ಕಿಂತ ಕಡಿಮೆಯಾದರೆ ಐದು ನಕ್ಷತ್ರ. ಆರಿಸಿಕೊಂಡ ಅಳತೆ ಸರಿಯಾದದ್ದು. ಮೊದಲ ಮೆಟ್ಟಿಲು ತಗ್ಗಾಯಿತೆಂದು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ.

ಭದ್ರಾವತಿಯಲ್ಲಿ ಉಳಿದುಹೋದ ಮತ್ತರ್ಧ ಭಾಗಕ್ಕೆ ಸ್ವೀಡನ್ನಿನಲ್ಲಿ ಜಲಜನಕವನ್ನು ಬಳಸಿ ನೋಡುತ್ತಿದ್ದಾರೆ. ಇಂಗಾಲದ ಬದಲು ಜಲಜನಕವು ಆಮ್ಲಜನಕವನ್ನು ಕಸಿದುಕೊಂಡರೆ ಹೊರಬೀಳುವುದು ನೀರಾವಿ. ಹೀಗೆ ಮಾಡಿದ ಮೊದಲ ಉಕ್ಕು 2021ರಲ್ಲಿ ಅಲ್ಲಿಯ ಮೋಟಾರು ತಯಾರಕರೊಬ್ಬರಿಗೆ ಸಂದಿತು. ಭಾರತಕ್ಕೆ ಇಂಥ ದಾರಿ ಬೇಕಾಗುವುದು ನಮ್ಮ ಉಕ್ಕಿನ ವಯಸ್ಸಿನಿಂದಾಗಿ. 2024ರ ಜನವರಿಯಲ್ಲಿ ಮುಂಬಯಿಯ ಶಿವಡಿಯಿಂದ ನ್ಹಾವಾ ಶೇವಾದ ಕಡೆಗೆ ತೆರೆದ ಅಟಲ್ ಸೇತುವಿನ ಉದ್ದ 21.8 ಕಿಲೋಮೀಟರು, ಬಾಳಿಕೆಯ ಅಂದಾಜು ನೂರು ವರ್ಷ. ಅದರ ಉಕ್ಕು ಗುಜರಿಯಾಗಿ ಕುಲುಮೆಯ ಬಾಗಿಲಿಗೆ ಬರುವುದು 2124ರ ಸುಮಾರಿಗೆ.