ಸೇಂದಿಯ ಊರಿನಿಂದ ದ್ರಾಕ್ಷಿ ತೋಟಕ್ಕೆ

ಗುರುಮಠಕಲ್ಲಿನ ಕಡೆ ಬೆಳೆದ ನಮ್ಮಂಥವರಿಗೆ ಕುಡಿತವೆಂದರೆ ಎರಡೇ ಬಗೆ. ಒಂದು ಈಚಲು ಮರದಿಂದ ಇಳಿಸಿದ ಸೇಂದಿ, ಇನ್ನೊಂದು ಸರಾಯಿ. ಸೇಂದಿಯನ್ನು ಯಾರೂ ಅಷ್ಟಾಗಿ ಬೈಯುತ್ತಿರಲಿಲ್ಲ. ಮುಂಜಾನೆ ಇಳಿಸಿದ್ದು ಸಿಹಿ, ಬಿಸಿಲೇರಿದಂತೆ ಹುಳಿ, ಸಂಜೆಗೆ ತಲೆಗೇರುವಂಥದ್ದು. ಸರಾಯಿಯ ಮಾತೇ ಬೇರೆ. ಅದು ಪಾಕೀಟಿನಲ್ಲಿ ಬರತೊಡಗಿದ ಮೇಲಂತೂ ಗಂಡಸರ ಅಂಗಿಯ ಜೇಬಿನಲ್ಲಿ ಕೂತು ಮನೆಯೊಳಕ್ಕೇ ಬಂತು.

ದ್ರಾಕ್ಷಿ ಎಂದರೆ ಕಾಯಿಲೆಯವರ ಹಣ್ಣು. ಹೈದರಾಬಾದಿಗೆ ಹೋದವರು ಬುಟ್ಟಿಯಲ್ಲಿ ತರುತ್ತಿದ್ದ ದಪ್ಪ, ಉದ್ದುದ್ದ ಕಾಯಿಗೆ ಅನಾಬ್-ಎ-ಶಾಹಿ ಎಂಬ ಹೆಸರು. ಅರಸರ ದ್ರಾಕ್ಷಿ ಎಂದರ್ಥ. 1890ರ ಸುಮಾರಿಗೆ ಅಬ್ದುಲ್ ಬಾಖರ್ ಖಾನ್ ಎಂಬುವರು ಪಶ್ಚಿಮ ಏಷ್ಯಾದಿಂದ ತರಿಸಿ ಹೈದರಾಬಾದಿನಲ್ಲಿ ನೆಟ್ಟ ತಳಿ ಅದು. 1948ರವರೆಗೆ ನಮ್ಮೂರೂ ನಿಜಾಮರದೇ ಆಗಿದ್ದರಿಂದ ಅರಸರ ಹಣ್ಣು ನಮಗೂ ಒಂದೆರಡು ಗೊಂಚಲು ಸಿಕ್ಕಿತು. ಆದರೆ ನಿಜಾಮರ ಬೊಕ್ಕಸ ತುಂಬಿಸಿದ್ದು ಈ ಹಣ್ಣಲ್ಲ, ನಮ್ಮ ಈಚಲು ಮರಗಳ ಅಬಕಾರಿ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ಮಗಳು, ನಂದಿ ಬೆಟ್ಟದ ತಪ್ಪಲಿನಲ್ಲಿ ವೈನ್ ಮಾಡುವ ದ್ರಾಕ್ಷಿ ತೋಟವೊಂದನ್ನು ತೋರಿಸುತ್ತೇನೆ, ಅತ್ತೆಯನ್ನೂ ಕರೆದುಕೊಂಡು ಬಾ ಎಂದಳು. ಅವಳ ಅತ್ತೆ ಎಂದರೆ ನಮ್ಮಣ್ಣನ ಹೆಂಡತಿ. ಅಣ್ಣ ಸರಾಯಿಗೆ ಹೋದವನು. ಅತ್ತಿಗೆ ಬರಲಾರಳೆಂದುಕೊಂಡರೆ, "ನೋಡೂಣು, ದೊಡ್ಡೋರು ಹ್ಯಾಂಗ ಕುಡೀತಾರ" ಎಂದು ಚೀಲ ಕಟ್ಟಿಯೇಬಿಟ್ಟಳು. ಶಾಲೆಯಲ್ಲಿ ಚರಿತ್ರೆ ಕಲಿಸಿದ ನಾನು ಹೊರಡುವ ಮೊದಲು ಹಳೆಯ ಪುಸ್ತಕ ತೆಗೆದೆ. ನಮ್ಮ ಸೀಮೆಯಲ್ಲಿ ಈ ದ್ರಾಕ್ಷಿಯ ರಸಕ್ಕೆ ಹಿಂದೆಂದಾದರೂ ಜಾಗವಿತ್ತೇ?

ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಪಾನಗೋಷ್ಠಿಯ ವಿಚಾರವೂ ಬರುತ್ತದೆ. ದ್ರಾಕ್ಷಿ, ಕಬ್ಬು, ತಾಳೆ, ತೆಂಗು, ಖರ್ಜೂರ ಎಲ್ಲದರ ಮದ್ಯವೂ ಅಲ್ಲುಂಟು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಕಲ್ಯಾಣದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯ ಶರಣನಾಗಿ, ತನ್ನ ಕಾಯಕದ ಮಾತಿನಲ್ಲೇ ವಚನ ಹೇಳಿದ. ಅರಮನೆಯ ಪಾನ ಸಂಸ್ಕೃತದ ಶ್ಲೋಕವಾಯಿತು, ಬೀದಿಯ ಹೆಂಡ ಕನ್ನಡದ ವಚನವಾಯಿತು. ನನ್ನ ಮಟ್ಟಿಗೆ ಮಾರಯ್ಯನದೇ ಹೆಚ್ಚಿನ ಕೆಲಸ.

ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ದೌಲತಾಬಾದಿನಲ್ಲಿ ದ್ರಾಕ್ಷಿ ವರ್ಷಕ್ಕೆರಡು ಫಸಲು ಕೊಡುತ್ತದೆಂದು ಬರೆದ. 1520ರ ಸುಮಾರಿಗೆ ವಿಜಯನಗರದ ಪೇಟೆಯಲ್ಲಿ ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಸಿಗುತ್ತಿತ್ತೆಂದು ಲೆಕ್ಕ ಕೊಟ್ಟವನು ಪೋರ್ಚುಗೀಸ್ ಪ್ರವಾಸಿ ಪಾಯೆಸ್. ಹೆಂಗಸರ ಮೆಚ್ಚುಗೆಗೆ ತಕ್ಕ ಲೆಕ್ಕ ಅನ್ನಿ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಜಾಪುರದ ಒಂದು ಸಂಗತಿ. 1604ರ ಹೊತ್ತಿಗೆ ಅಕ್ಬರನ ಕಡೆಯಿಂದ ಅಸದ್ ಬೇಗ್ ಎಂಬ ರಾಯಭಾರಿ ಅಲ್ಲಿಗೆ ಬಂದ. ಅವನು ಬರೆದಿಟ್ಟ ಪೇಟೆಯ ವರ್ಣನೆ ಓದಿದರೆ ಕಣ್ಣಿಗೆ ಕಟ್ಟುತ್ತದೆ. ಒಡವೆಯಂಗಡಿ, ಬಟ್ಟೆಯಂಗಡಿಗಳ ಸಾಲಿನಲ್ಲೇ ಮದ್ಯದಂಗಡಿ. ಚೀನಾದ ಪಿಂಗಾಣಿ, ಸ್ಫಟಿಕದ ಶೀಷೆ, ಬೆಲೆಬಾಳುವ ಬಟ್ಟಲು. ಅಷ್ಟು ಜನ ಕುಡಿದು ನಲಿಯುತ್ತಿದ್ದರೂ ಯಾರೊಬ್ಬರೂ ಜಗಳವಾಡುತ್ತಿರಲಿಲ್ಲವಂತೆ. ಹೊಗೆಸೊಪ್ಪನ್ನು ಬಿಜಾಪುರದಲ್ಲಿ ಕಂಡು ಅಕ್ಬರನಿಗೆ ಒಯ್ದು ತೋರಿಸಿದವನೂ ಇವನೇ.

ಅಸದ್ ಬೇಗ್ ಬಂದದ್ದು ಪೇಟೆ ನೋಡುವುದಕ್ಕಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಮದುಮಗಳನ್ನು ಕರೆದೊಯ್ಯಲು ಬಂದವನು ಅವನು. ಮದುವೆಯೂ ಆಯಿತು. ದಾನಿಯಾಲ ಮಹಾ ಕುಡುಕ. ಅಕ್ಬರ ಎಷ್ಟು ಗದರಿದರೂ ಕೇಳದಾದಾಗ ಮದ್ಯ ಅವನ ಹತ್ತಿರ ಸುಳಿಯದಂತೆ ಕಾವಲು ಹಾಕಿದರು. ಸೇವಕನೊಬ್ಬ ದಾನಿಯಾಲನದೇ ಅಚ್ಚುಮೆಚ್ಚಿನ ಕೋವಿಯ ನಳಿಗೆಯಲ್ಲಿ ಕಡು ಮದ್ಯ ತುಂಬಿಸಿ ತಂದ. ಒಳಗಿನ ತುಕ್ಕು ಅದರಲ್ಲಿ ಕರಗಿತ್ತು. ಕುಡಿದು ಮಲಗಿದವನು ಏಳಲಿಲ್ಲ. ಆ ಕೋವಿಗೆ ಅವನೇ ಇಟ್ಟಿದ್ದ ಹೆಸರಿನಲ್ಲಿ 'ಜನಾಜಾ', ಎಂದರೆ ಹೆಣದ ಚಟ್ಟ, ಎಂಬ ಮಾತಿತ್ತು. ಇದನ್ನೆಲ್ಲ ಬರೆದಿಟ್ಟವನು ಅವನ ಅಣ್ಣ ಜಹಾಂಗೀರ್, ತಾನೂ ಕುಡಿತದಲ್ಲಿ ಕಡಿಮೆಯವನಲ್ಲ. ದಾನಿಯಾಲ ಸತ್ತದ್ದು 1605ರಲ್ಲಿ, ಮದುವೆಯ ಮರುವರ್ಷ. ಕೋವಿಯ ಹೆಸರನ್ನು ಬಿಡದೆ ಬರೆದ ಜಹಾಂಗೀರ್ ಬಿಜಾಪುರದ ಆ ಹುಡುಗಿ ಬುರ್ಹಾನಪುರದಲ್ಲಿ ಹೇಗಿದ್ದಳೆಂದು ಬರೆಯಲಿಲ್ಲ.

ಇದನ್ನು ರೈಲಿನಲ್ಲಿ ಅತ್ತಿಗೆಗೆ ಹೇಳಿದೆ. ಸುಮ್ಮನೆ ಕೇಳಿದಳು. ಆಮೇಲೆ, "ಕೋವಿಯೊಳಗ ತಂದ್ರಾ?" ಎಂದಷ್ಟೇ ಕೇಳಿ ಕಿಟಕಿಯ ಕಡೆ ತಿರುಗಿದಳು. ನಮ್ಮಣ್ಣನಿಗೆ ಹಾಲಿನ ಗಿಂಡಿಯಲ್ಲಿ ತಂದುಕೊಡುವವರಿದ್ದರು.

ನಂದಿಯ ತಪ್ಪಲಿನ ಕಥೆ ಬಹಳ ಹಳೆಯದಲ್ಲ. ಕಪ್ಪನೆಯ, ಬೀಜವಿರುವ ಬೆಂಗಳೂರು ನೀಲಿ ದ್ರಾಕ್ಷಿ ಮೊದಲಿನಿಂದ ಇತ್ತು. ಆದರೆ ಫ್ರಾನ್ಸಿನ ವೈನ್ ತಳಿಗಳನ್ನು ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ನೆಡಿಸಿದವರು ಕನ್ವಲ್ ಗ್ರೋವರ್. ಮೊದಲ ವೈನ್ ಹೊರಬಂದದ್ದು 1992ರಲ್ಲಿ. ಅದೇ 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು, ಅಕ್ಷರ ಕಲಿಯಲು ಕೂತವರು, ಎದ್ದು ಹೋಗಿ ಸಾರಾ ಅಂಗಡಿ ಮುಚ್ಚಿಸಿದ ಸುದ್ದಿ ಹಬ್ಬಿತು. ಗಡಿಯ ಆಚೆ ತೆಲುಗು, ಈಚೆ ಕನ್ನಡ. ಸುದ್ದಿಗೆ ಭಾಷೆಯ ಅಡ್ಡಿಯಿರಲಿಲ್ಲ. 1993ರ ಅಕ್ಟೋಬರಿನಲ್ಲಿ ಆಂಧ್ರ ಸರಾಯಿ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ ಅದಾಗಲು 2007ರ ಜುಲೈ 1ರವರೆಗೆ ಕಾಯಬೇಕಾಯಿತು. ನಮ್ಮಣ್ಣ ಅಷ್ಟು ಕಾಲ ಕಾಯಲಿಲ್ಲ.

ತಮಾಷೆಯೆಂದರೆ, ಸರಾಯಿ ಮುಚ್ಚಿಸಿದ ಅದೇ 2007ರಲ್ಲೇ ಸರಕಾರ ವೈನ್ ನೀತಿ ತಂದು ದ್ರಾಕ್ಷಿ ಬೆಳೆಗಾರರಿಗೂ ವೈನ್ ಮಾಡುವವರಿಗೂ ಬಾಗಿಲು ತೆರೆಯಿತು. ಮುಂದೆ ಅದಕ್ಕೊಂದು ಮಂಡಳಿ, ಮೇಳ. ಹೆಸರು ದ್ರಾಕ್ಷಾರಸ ಉತ್ಸವ! ಕೇಳಿದರೆ ಅಭಿಷೇಕಕ್ಕೆ ತಂದದ್ದೆನ್ನಬೇಕು. ಬಿಜಾಪುರ, ಬಾಗಲಕೋಟೆಯ ರೈತರಿಗೆ ಇದರಿಂದ ಒಳ್ಳೆಯದಾಗುವುದಾದರೆ ನನ್ನ ತಕರಾರಿಲ್ಲ. ಆದರೆ ಸರಾಯಿ ಎದ್ದುಹೋದ ಜಾಗದಲ್ಲಿ ಅಗ್ಗದ ವಿಸ್ಕಿಯ ಪೊಟ್ಟಣ ಬಂದು ಕೂತದ್ದನ್ನು ಯಾವ ಉತ್ಸವದಲ್ಲೂ ಹೇಳುವುದಿಲ್ಲ. ನಮ್ಮ ಕಡೆ ಸೇಂದಿಯೂ ನಿಷೇಧವಾಗಿ, ಮರ ಹತ್ತುವವರ ಕಸುಬು ಹೋಯಿತು.

ತೋಟ ಚೆಂದವಿತ್ತು, ಸುಳ್ಳು ಹೇಳಬಾರದು. ತಂತಿಗೆ ಹಬ್ಬಿಸಿದ ಬಳ್ಳಿಯ ಸಾಲು, ಕೆಂಪು ಮಣ್ಣು, ಹಿಂದೆ ಬೆಟ್ಟ. ತೋರಿಸಲು ಬಂದ ಹುಡುಗಿ ಚೆನ್ನಾಗಿ ಹೇಳಿದಳು. ಚಳಿದೇಶಗಳಲ್ಲಿ ಬಳ್ಳಿ ಹಿಮಕಾಲದಲ್ಲಿ ಮಲಗುತ್ತದೆ, ನಮ್ಮಲ್ಲಿ ಮಲಗುವುದೇ ಇಲ್ಲ. ಆದ್ದರಿಂದ ಬೇಸಿಗೆಗೊಮ್ಮೆ, ಮಳೆ ಹಿಂದಾದ ಮೇಲೊಮ್ಮೆ, ಎರಡು ಸಲ ಚಾಟನಿ ಮಾಡಿ ಅದನ್ನು ಅಂಕೆಯಲ್ಲಿಡಬೇಕು. ಕಪ್ಪು ಹಣ್ಣಿನ ತಿರುಳೂ ಒಳಗೆ ಬೆಳ್ಳಗೇ ಇರುತ್ತದೆ. ಸಿಪ್ಪೆಯ ಜೊತೆ ಹುದುಗಲು ಬಿಟ್ಟರೆ ಕೆಂಪು ವೈನ್. ಸಿಪ್ಪೆಯ ಬಣ್ಣ ಇಳಿಯದಂತೆ ರಸ ಹಿಂಡಿ ತೆಗೆದರೆ ಕಪ್ಪು ಹಣ್ಣಿನಿಂದಲೂ ಬಿಳಿ ವೈನ್ ಆಗುತ್ತದೆ. ಉಕ್ಕಿನ ದೊಡ್ಡ ತೊಟ್ಟಿಗಳ ನಡುವೆ ಮೂಗಿಗೆ ಹುಳಿ ವಾಸನೆ ಬಡಿದದ್ದೇ ಅತ್ತಿಗೆ, "ಇದು ಸೇಂದಿ ವಾಸನೀನs" ಎಂದಳು. ಹುಡುಗಿ ನಕ್ಕು, ಸಕ್ಕರೆಯನ್ನು ಮದ್ಯ ಮಾಡುವ ಸೂಕ್ಷ್ಮಜೀವಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂದಳು.

ಆಮೇಲೆ ರುಚಿ ನೋಡುವ ಶಾಸ್ತ್ರ. ಲೋಟ ಓರೆ ಮಾಡಿ ಬಣ್ಣ ನೋಡುವುದು, ತಿರುಗಿಸುವುದು, ಮೂಸುವುದು, ನಾಲಿಗೆಯ ಮೇಲೆ ಒಂದು ಗುಟುಕು ಹೊರಳಿಸುವುದು. ಬೇಡವೆಂದರೆ ಉಗುಳಲು ಪಕ್ಕದಲ್ಲೊಂದು ಪಾತ್ರೆ. ಥೇಟ್ ನಮ್ಮ ಕಡೆಯ ದೇಸಾಯರ ವಾಡೆಯ ಪೀಕದಾನಿ! ನಾನು ಗುಟುಕರಿಸಿದೆ. ಒಗರು, ಹುಳಿ, ಬಾಯಿಯೆಲ್ಲ ಒಣಗಿದಂತಾಯಿತು. ಸೇರಲಿಲ್ಲ. ಪಕ್ಕದ ಮೇಜಿನಲ್ಲಿ ನನ್ನ ಮಗಳ ವಯಸ್ಸಿನ ಹೆಂಗಸರು ನಗುತ್ತ ಕುಡಿಯುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಲ್ಲಿ ಯಾರೂ ಮನೆಗೆ ಹೋಗಿ ಗಂಡನನ್ನು ಹೊಡೆಯುವಂತೆ ಕಾಣಲಿಲ್ಲ.

ಅತ್ತಿಗೆ ಲೋಟ ಮುಟ್ಟದೆ ಕಿಟಕಿಯಾಚೆ ನೋಡುತ್ತಿದ್ದಳು. ಕುಯ್ಲಿನ ಕಾಲ. ತಲೆಗೆ ಸೆರಗು ಬಿಗಿದ ಕೂಲಿ ಹೆಂಗಸರು ಗೊಂಚಲು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು.

"ತಂಗೀ, ಇವರ ಗಂಡಂದಿರು ಸಂಜಿಕ ಏನ್ ಕುಡೀತಾರ?"

ಹುಡುಗಿ ಗಲಿಬಿಲಿಗೊಂಡಳು. "ಅವರು ವೈನ್ ಕುಡಿಯಲ್ಲಮ್ಮ."

"ಅದು ಗೊತ್ತದವ್ವ. ಏನ್ ಕುಡೀತಾರಂತ ಕೇಳ್ದೆ."

ಅಷ್ಟರಲ್ಲಿ ಮುಂದಿನ ತಂಡ ಬಂತು. ಹೊರಗೆ ರಸ್ತೆಬದಿಯಲ್ಲಿ ನೀಲಿ ದ್ರಾಕ್ಷಿ ಮಾರುತ್ತಿದ್ದರು. ಅತ್ತಿಗೆ ಚೌಕಾಸಿ ಮಾಡಿ ಎರಡು ಕಿಲೋ ತಗೊಂಡಳು. ದಾರಿಯುದ್ದಕ್ಕೂ ನಾವಿಬ್ಬರೂ ಬೀಜ ಉಗುಳುತ್ತ ತಿಂದೆವು.