ಹಾಯಿಕಂಬದೊಳಗಿನ ತಂತಿ

ಹಾಯಿದೋಣಿಗಳ ಕಂಬ ಬಹುಕಾಲ ಮರದ್ದೇ. ರಾತ್ರಿ ಎಣ್ಣೆಯ ಲಾಂದ್ರಗಳೇ ದೋಣಿಯ ಗುರುತು. ಎರಡನೇ ಮಹಾಯುದ್ಧದ ನಂತರ ಟೊಳ್ಳು ಅಲ್ಯೂಮಿನಿಯಂ ಕಂಬಗಳು ವ್ಯಾಪಕವಾಗಿ, ವಿದ್ಯುತ್ ತಂತಿಗೆ ಒಳಗೇ ದಾರಿ ಸಿಕ್ಕಿತು. ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳು 1977ರಲ್ಲಿ ಜಾರಿಗೆ ಬಂದವು. ಚಿಕ್ಕ ಹಾಯಿದೋಣಿಗಳು ಕೆಂಪು, ಹಸಿರು, ಬಿಳಿ ಬೆಳಕನ್ನು ಒಂದೇ ಲಾಂದ್ರದಲ್ಲಿ ಸೇರಿಸಿ ಕಂಬದ ತುದಿಯಲ್ಲಿಡಲು ಅವು ಅನುಮತಿಸಿದವು. ಅಂಥ ದೀಪಕ್ಕೆ ತುದಿಯವರೆಗೂ ತಂತಿ ಬೇಕಾಯಿತು.

ದೋಣಿ ಹೊಯ್ದಾಡಿದಾಗ ಸಡಿಲ ತಂತಿ ಕಂಬದ ಒಳಮೈಗೆ ಬಡಿದು ಸದ್ದು ಮಾಡುತ್ತದೆ, ಹೊದಿಕೆ ಸವೆಯುತ್ತದೆ. ಇದನ್ನು ತಡೆಯಲು ಒಳಗೆ ಪ್ಲಾಸ್ಟಿಕ್ ಕೊಳವೆಯನ್ನು ರಿವೆಟ್ ಹೊಡೆದು ಕೂರಿಸುವ ಪದ್ಧತಿ ಬಂತು. ಉಪ್ಪುಗಾಳಿಗೆ ತಾಮ್ರ ಕಿಲುಬು ಹಿಡಿಯದಂತೆ ತವರ ಲೇಪಿಸಿದ ಎಳೆಗಳ ತಂತಿ ಬಳಕೆಯಾಯಿತು. ಬದಲಿಸುವಾಗ ಹಳೆಯ ತಂತಿಯ ತುದಿಗೆ ಹೊಸದನ್ನು ಬಿಗಿದು ಎಳೆಯುವುದು ಇಂದಿಗೂ ರೂಢಿಯಲ್ಲಿರುವ ಕ್ರಮ.